ಆಮ್‌ಸ್ಟರ್‌ಡ್ಯಾಮ್ ಬೆಳೆದ ಕಥೆಯನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಹೇಳೋಣ

ಆತ್ಮೀಯರೇ,

ಮಕ್ಕಳು ಡಚ್ಚರ ಇತಿಹಾಸವನ್ನು ಶಾಲೆಯಲ್ಲಿ ಹೇಗೂ ಓದುತ್ತಾರೆ, ವಾರಾಂತ್ಯದ ಕನ್ನಡ ತರಗತಿಯಲ್ಲಿ ಅದಕ್ಕೇಕೆ ಸಮಯ ಕೊಡಬೇಕು ಎಂದು ಕೆಲವರು ಕೇಳಿದ್ದೀರಿ. ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಆಮ್‌ಸ್ಟರ್‌ಡ್ಯಾಮನ್ನು ಬೆಳೆಸಿದವರಲ್ಲಿ ನಮ್ಮಂತೆ ಹೊರಗಿನಿಂದ ಬಂದು ನೆಲೆಸಿದವರ ಪಾಲು ಬಹಳ ದೊಡ್ಡದು. ಆ ಬೆಳವಣಿಗೆಗೆ ಹಣ ಹರಿದು ಬಂದ ಹಾದಿಗಳಲ್ಲಿ ಒಂದು ನಮ್ಮ ಕರಾವಳಿಯನ್ನೂ ಹಾದುಹೋಗಿದೆ.

1275ರಲ್ಲಿ ಹಾಲೆಂಡಿನ ದೊರೆ ಐದನೆಯ ಫ್ಲೋರಿಸ್, ಆಮ್‌ಸ್ಟೆಲ್ ನದಿಯ ಒಡ್ಡಿನ ಬಳಿ ವಾಸವಾಗಿದ್ದ ಜನರಿಗೆ ಸುಂಕದ ವಿನಾಯಿತಿ ನೀಡಿದನು. ಈ ಊರಿನ ಹೆಸರು ಲಿಖಿತ ದಾಖಲೆಯಲ್ಲಿ ಮೊದಲು ಕಾಣಿಸುವುದು ಅಲ್ಲಿಯೇ. ಮಸಾಲೆ ಪದಾರ್ಥಗಳಿಂದಲೇ ಊರು ಶ್ರೀಮಂತವಾಯಿತೆಂದು ನಾವು ತಿಳಿದುಕೊಂಡಿದ್ದರೂ, ಅದಕ್ಕಿಂತ ಬಹಳ ಮೊದಲೇ ಬಾಲ್ಟಿಕ್ ತೀರದ ಧಾನ್ಯ ಮತ್ತು ಮರಮುಟ್ಟು ಹಾಗೂ ಉತ್ತರ ಸಮುದ್ರದ ಹೆರಿಂಗ್ ಮೀನು ಅದನ್ನು ವ್ಯಾಪಾರದ ಊರಾಗಿ ನೆಲೆಗೊಳಿಸಿದ್ದವು.

ದೊಡ್ಡ ತಿರುವು ಬಂದದ್ದು 1585ರಲ್ಲಿ. ಸ್ಪೇನಿನ ಸೇನೆ ಇಂದಿನ ಬೆಲ್ಜಿಯಂನಲ್ಲಿರುವ ಆಂಟ್‌ವರ್ಪ್ ನಗರವನ್ನು ವಶಪಡಿಸಿಕೊಂಡಾಗ ಅಲ್ಲಿನ ವರ್ತಕರು, ನೇಕಾರರು, ಮುದ್ರಕರು ತಮ್ಮ ಬಂಡವಾಳವನ್ನೂ ಕಸುಬನ್ನೂ ಹೊತ್ತು ಉತ್ತರಕ್ಕೆ ಬಂದರು. ಅವರ ಜೊತೆಗೆ ಪೋರ್ಚುಗಲ್ ಮೂಲದ ಯಹೂದಿಗಳು, ಜರ್ಮನ್ ಮತ್ತು ನಾರ್ವೆಯ ಕೂಲಿಕಾರರು, ನಾವಿಕರು ಸೇರಿಕೊಂಡರು. ಸುಮಾರು 30,000ದಷ್ಟಿದ್ದ ಜನಸಂಖ್ಯೆ ಒಂದು ಶತಮಾನದೊಳಗೆ 2 ಲಕ್ಷದ ಸಮೀಪಕ್ಕೆ ಏರಿತು. ಬಂದವರೆಲ್ಲರಿಗೂ ಸಮಾನ ಸ್ಥಾನ ಸಿಕ್ಕಿತೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ: ಯಹೂದಿಗಳಿಗೆ ಹೆಚ್ಚಿನ ಕಸುಬು ಸಂಘಗಳ ಬಾಗಿಲು ಮುಚ್ಚಿತ್ತು, ಕ್ಯಾಥೊಲಿಕರು ಮನೆಗಳ ಅಟ್ಟದಲ್ಲಿ ಮರೆಯಾಗಿ ಪ್ರಾರ್ಥನೆ ಸಲ್ಲಿಸಬೇಕಿತ್ತು. ಅಂತಹ ಒಂದು ಅಟ್ಟದ ಚರ್ಚು ಈಗ ವಸ್ತುಸಂಗ್ರಹಾಲಯವಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದು.

1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಅದರ ಸುಮಾರು 64 ಲಕ್ಷ ಗಿಲ್ಡರ್ (ಆಗಿನ ಡಚ್ ನಾಣ್ಯ) ಬಂಡವಾಳದಲ್ಲಿ ಅರ್ಧಕ್ಕೂ ಹೆಚ್ಚು ಈ ಒಂದೇ ನಗರದಿಂದ ಬಂದಿತ್ತು. ಷೇರುದಾರರ ಪಟ್ಟಿಯಲ್ಲಿ 100 ಗಿಲ್ಡರ್ ಹೂಡಿದ ಮನೆಗೆಲಸದ ಹೆಣ್ಣುಮಗಳೊಬ್ಬಳ ಹೆಸರೂ ಇದೆ. 1609ರಲ್ಲಿ ವಿನಿಮಯ ಬ್ಯಾಂಕು ಆರಂಭವಾಯಿತು. 1613ರಿಂದ ಅಗೆಯತೊಡಗಿದ ಕಾಲುವೆಗಳ ಪಕ್ಕದಲ್ಲಿ ವರ್ತಕರು ಕಟ್ಟಿಸಿದ ಮನೆಗಳನ್ನು ತಲೆಯೆತ್ತಿ ನೋಡಿದರೆ, ನೆತ್ತಿಯಲ್ಲಿ ಹೊರಚಾಚಿದ ತೊಲೆಯೂ ಅದಕ್ಕೊಂದು ಕೊಕ್ಕೆಯೂ ಕಾಣುತ್ತವೆ. ದೋಣಿಯಲ್ಲಿ ಬಂದ ಸರಕನ್ನು ಹಗ್ಗ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದುದು ಅದರಿಂದಲೇ, ಏಕೆಂದರೆ ಒಳಗಿನ ಮೆಟ್ಟಿಲುಗಳು ಅಷ್ಟು ಕಡಿದು, ಅಷ್ಟು ಇಕ್ಕಟ್ಟು. ನೆಲ ಜೌಗಾದ್ದರಿಂದ ಪ್ರತಿ ಕಟ್ಟಡವೂ ಮರದ ಕಂಬಗಳ ಮೇಲೆಯೇ ನಿಲ್ಲಬೇಕಿತ್ತು; ಇಂದು ಅರಮನೆಯಾಗಿರುವ ಹಳೆಯ ಪುರಭವನಕ್ಕೆ 13,659 ಕಂಬಗಳನ್ನು ನೆಟ್ಟಿದ್ದರಂತೆ.

ಅಂತಹ ಅಟ್ಟಗಳಿಗೆ ಏರಿದ ಸರಕಿನಲ್ಲಿ ಕಾಳುಮೆಣಸೂ ಇತ್ತು. 17ನೇ ಶತಮಾನದಲ್ಲಿ ಡಚ್ಚರು ಕೆಳದಿ ನಾಯಕರ ಸೀಮೆಯ ಬಸ್ರೂರಿನಲ್ಲಿ ಕೋಠಿ, ಅಂದರೆ ವ್ಯಾಪಾರದ ನೆಲೆ, ಇಟ್ಟುಕೊಂಡು ಮೆಣಸು, ಅಕ್ಕಿ ಕೊಳ್ಳುತ್ತಿದ್ದರು. ಕುಂದಾಪುರ ಕಡೆಯ ಅಜ್ಜಿಮನೆಗೆ ಹೋಗಿಬರುವ ಮಗುವಿಗೆ ಈ ಒಂದು ಎಳೆ ಸಾಕು, ಎರಡು ಊರುಗಳೂ ಒಂದೇ ಭೂಪಟದಲ್ಲಿ ಕಾಣಿಸುತ್ತವೆ.

ಆದರೆ ಅದೇ ಕಂಪನಿ 1621ರಲ್ಲಿ ಜಾಯಿಕಾಯಿಗಾಗಿ ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಬಹುಪಾಲು ಜನರನ್ನು ಕೊಂದು, ಉಳಿದವರಲ್ಲಿ ಅನೇಕರನ್ನು ಗುಲಾಮರನ್ನಾಗಿಸಿತು. ಗುಲಾಮಗಿರಿಯಲ್ಲಿ ನಗರಕ್ಕಿದ್ದ ಪಾತ್ರಕ್ಕಾಗಿ 2021ರಲ್ಲಿ ಇಲ್ಲಿನ ಮೇಯರ್ ಬಹಿರಂಗವಾಗಿ ಕ್ಷಮೆ ಕೇಳಿದರು. ಹತ್ತು ವರ್ಷ ದಾಟಿದ ಮಕ್ಕಳಿಗೆ ಇದನ್ನು ಮುಚ್ಚಿಡಬಾರದು. ಸುಂದರ ಕಾಲುವೆಮನೆಗಳಿಗೆ ದುಡ್ಡು ಎಲ್ಲಿಂದ ಬಂತು ಎಂದು ಅವರೇ ಕೇಳುತ್ತಾರೆ, ಆಗ ಉತ್ತರ ನಮ್ಮಲ್ಲಿರಬೇಕು.

ಮುಂದಿನ ಅವಧಿಯಲ್ಲಿ ಎರಡು ತರಗತಿಗಳನ್ನು ಇದಕ್ಕೆ ಮೀಸಲಿಡೋಣ. ಒಂದು ದಿನ ವಿಶ್ವವಿದ್ಯಾಲಯದ ಭಾಗವಾಗಿರುವ ಕಂಪನಿಯ ಹಳೆಯ ಕಚೇರಿಯ ಅಂಗಳಕ್ಕೆ ಹೋಗಿಬರೋಣ, ಮತ್ತೊಂದು ದಿನ ಅಲ್ಲಿ ಕಂಡದ್ದನ್ನು ಮಕ್ಕಳಿಂದ ಕನ್ನಡದಲ್ಲಿ ಬರೆಸೋಣ. ಜೊತೆಗೂಡಲು ಬಯಸುವ ಪೋಷಕರು ದಯವಿಟ್ಟು ತಿಳಿಸಿ.