ಅಪ್‌ಡೇಟ್: ಜರ್ಮನಿ ಬ್ಲೂ ಕಾರ್ಡ್‌ನಿಂದ ಪಿಆರ್, ಕೊನೆಗೂ ಕೈಗೆ ಬಂತು

ಬ್ಲೂ ಕಾರ್ಡ್‌ನಲ್ಲಿದ್ದಾಗ (ನುರಿತ ಕೆಲಸಗಾರರಿಗೆ ಕೊಡೋ ವಾಸದ ಪರವಾನಗಿ) ಕಂಪನಿ ಬದಲಿಸಿದರೆ ಪಿಆರ್‌ಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಬೇಕಾದ ತಿಂಗಳುಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತಾ ಅಂತ ಕೇಳಿದ್ದೆ. ಇಲ್ಲ, ಆಗಲ್ಲ. ಹಳೆ ಕಂಪನಿಯ ತಿಂಗಳುಗಳೂ ಸೇರಿದವು. ಪೆನ್ಷನ್ ವಂತಿಗೆ ಕಟ್ಟಿದ ತಿಂಗಳುಗಳೇ ಮುಖ್ಯ. ಮಧ್ಯೆ ಖಾಲಿ ಕೂತ ಒಂದು ತಿಂಗಳು ಮಾತ್ರ ಎಣಿಕೆಗೆ ಬರಲಿಲ್ಲ.

ಎ1 (ಆರಂಭದ ಮಟ್ಟ) ಜರ್ಮನ್ ಇದ್ದರೆ ಪಿಆರ್‌ಗೆ 27 ತಿಂಗಳು ಬೇಕು, ಬಿ1 (ಮಧ್ಯಮ ಮಟ್ಟ) ಇದ್ದರೆ 21. "ಬಿ1 ಬರೆದುಬಿಡಿ" ಅಂದವರಿಗೆ ದೊಡ್ಡ ನಮಸ್ಕಾರ. ಪದದ ಲಿಂಗ ತೋರಿಸೋ ಡೆರ್, ಡಿ, ಡಾಸ್ ಇವತ್ತಿಗೂ ತಲೆಗೆ ಹತ್ತಿಲ್ಲ (ಮೇಜಿಗೆ ಗಂಡು ಹೆಣ್ಣು ಯಾಕೆ ಬೇಕೋ!), ಆದರೂ ಪಾಸಾದೆ. ಜರ್ಮನಿಯ ಕಾನೂನು, ಸಮಾಜದ ಬಗ್ಗೆ ಕೇಳೋ 'ಲೇಬೆನ್ ಇನ್ ಡಾಯ್ಚ್‌ಲಾಂಡ್' ಪರೀಕ್ಷೆ ಸಲೀಸು, 33 ಪ್ರಶ್ನೆ ಅಷ್ಟೇ.

ನಿಜವಾದ ಪೇಚಾಟ ಆಮೇಲೆ. ಅರ್ಜಿ ಹಾಕಿ ಐದು ತಿಂಗಳಾದರೂ ವಿದೇಶಿಯರ ಕಚೇರಿಯಿಂದ ಸದ್ದಿಲ್ಲ, ಅಷ್ಟರಲ್ಲಿ ಬ್ಲೂ ಕಾರ್ಡ್ ಅವಧಿ ಮುಗೀತು. ಕೇಳಿದಾಗ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಅನ್ನೋ ತಾತ್ಕಾಲಿಕ ಪತ್ರ ಕೊಟ್ಟರು. ಅದರ ಮೇಲೇ ತಂಗಿ ಮದುವೆಗೆ ಹಾಸನಕ್ಕೆ ಹೋಗಿಬಂದೆ. ಆದರೆ ಪತ್ರದಲ್ಲಿ ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಹಾಕಿದ್ದಾರಾ ಅಂತ ನೋಡ್ಕೊಳ್ಳಿ. 3ನೇದಕ್ಕೆ ಹಾಕಿದ್ದರೆ ಅದನ್ನಷ್ಟೇ ನಂಬಿ ಊರಿಗೆ ಹೊರಟರೆ ವಾಪಸ್ ಬರೋದು ಕಷ್ಟ.

ಪೆನ್ಷನ್ ಖಾತೆಯ ವಿವರಪಟ್ಟಿ ಅಂಚೆಯಲ್ಲಿ ಬರುತ್ತೆ, ಮೊದಲೇ ತರಿಸಿಟ್ಟುಕೊಳ್ಳಿ. ಶುಲ್ಕ 113 ಯೂರೋ ಆಯ್ತು. ಪಿಆರ್ ಕಾರ್ಡ್ ಹೋದ ಮಂಗಳವಾರ ಬಂತು, ಫೋಟೋ ಮಾತ್ರ ಕಳ್ಳನ ಥರ ಇದೆ.