ಪಾರ್ಟ್ 2 ನೋಡಿ "ಮೊದಲನೇದೇ ಚೆನ್ನಾಗಿತ್ತು" ಅನ್ನಿಸಿದ್ರೆ, ಕೊರತೆ ಎಲ್ಲಿದೆ ಅಂತ ಹುಡುಕೋದು ಹೇಗೆ?

ಬಟನ್_ಬಸವನಗುಡಿ

ಯಾವ ಸೀಕ್ವೆಲ್ ಬಂದ್ರೂ ಆ ವಾರ ಬೆಂಗಳೂರಲ್ಲಿ ಒಂದೇ ಮಾತು. ಕೆ.ಜಿ. ರೋಡಿನ ಥಿಯೇಟರ್ ಗೇಟಿನ ಹೊರಗೂ ಅದೇ, ಗೇಮಿಂಗ್ ಗ್ರೂಪ್‌ಗಳಲ್ಲೂ ಅದೇ: "ಚೆನ್ನಾಗಿದೆ, ಆದ್ರೆ ಫಸ್ಟ್ ಪಾರ್ಟ್ ಥರ ಇಲ್ಲ." ಯಾಕೆ ಅಂದ್ರೆ "ಫೀಲ್ ಇಲ್ಲ ಗುರು." ಮಾತು ಅಲ್ಲಿಗೇ ನಿಂತುಹೋಗುತ್ತೆ.

ಈ ಫೀಲ್ ಅನ್ನೋದನ್ನ ಬಿಡಿಸಿ ನೋಡೋಕೆ ಆಗುತ್ತಾ? ಫೈಟ್ ಸೀನಲ್ಲಿ ಏನನ್ನ ಗಮನಿಸಬೇಕು? ಗೇಮಲ್ಲಿ ಯಾವ ಸೆಟ್ಟಿಂಗ್, ಯಾವ ನಿಯಮ ಬದಲಾಗಿದೆ ಅಂತ ನೋಡಬೇಕು? ಹಳೇದರ ಮೇಲಿನ ಮೋಹ ಎಷ್ಟು, ನಿಜವಾದ ಕೊರತೆ ಎಷ್ಟು ಅಂತ ಬೇರೆ ಮಾಡೋ ದಾರಿ ಇದ್ರೆ ಹೇಳಿ. ಕೆಜಿಎಫ್, ಜಾನ್ ವಿಕ್ ಸಿನಿಮಾ, ಡೂಮ್ ಗೇಮ್ ಇಂಥವನ್ನೇ ಇಟ್ಕೊಂಡು ಮಾತಾಡಿದ್ರೆ ಒಳ್ಳೇದು, ಕಥೆ ಬಿಟ್ಟುಕೊಟ್ರೂ ಪರವಾಗಿಲ್ಲ. "ದುಡ್ಡಿಗೋಸ್ಕರ ಮಾಡಿದ್ದು" ಅನ್ನೋ ಉತ್ತರ ಮಾತ್ರ ಬೇಡ. ಮೊದಲನೇದನ್ನೂ ದುಡ್ಡಿಗೇ ಮಾಡಿರ್ತಾರೆ.

ಕಟ್_ಟು_ಕಟ್

ಆಗುತ್ತೆ. ಸಿನಿಮಾ ಮಟ್ಟಿಗೆ ನಾನು ಹೇಳ್ತೀನಿ, ಗೇಮ್ ಗೊತ್ತಿರೋರು ಮುಂದುವರಿಸಲಿ.

ಮೊದಲು ಎರಡೂ ಭಾಗಗಳನ್ನ ಒಂದೇ ಪರದೇಲಿ, ಒಂದೇ ಸ್ಪೀಕರಲ್ಲಿ ನೋಡಿ. ಒಂದನ್ನ ಫಸ್ಟ್ ಡೇ ಫಸ್ಟ್ ಶೋ ಶಿಳ್ಳೆ ಮಧ್ಯೆ, ಇನ್ನೊಂದನ್ನ ಫೋನಲ್ಲಿ ನೋಡಿ ಹೋಲಿಸಿದ್ರೆ ಏನೂ ಗೊತ್ತಾಗಲ್ಲ. ಟಿವಿ ಆದ್ರೆ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರಿಟ್ಟಿರ್ತಾರೆ, ಸಿಗದಿದ್ರೆ ಪಿಕ್ಚರ್ ಮೋಡನ್ನ "ಸಿನಿಮಾ"ಕ್ಕೆ ಹಾಕಿ ನೋಡಿ. ಸಿನಿಮಾ ಇರೋದು ಸೆಕೆಂಡಿಗೆ 24 ಫ್ರೇಮ್. ಮಧ್ಯೆ ಟಿವಿ ತನ್ನದೇ ಫ್ರೇಮ್ ತುಂಬಿಸಿದ್ರೆ ಏಟಿನ ತೂಕ ಹೋಗಿ, ಫೈಟೆಲ್ಲಾ ಧಾರಾವಾಹಿ ಥರ ನುಣುಪಾಗಿ ಜಾರುತ್ತೆ.

ಆಮೇಲೆ ಒಂದು ಫೈಟಿನ ಒಂದೇ ನಿಮಿಷ ಆರಿಸ್ಕೊಳ್ಳಿ. ಸೌಂಡ್ ಪೂರ್ತಿ ಮ್ಯೂಟ್. ಕೆಜಿಎಫ್‌ಗೆ ರವಿ ಬಸ್ರೂರ್ ಕೊಟ್ಟ ಹಿನ್ನೆಲೆ ಸಂಗೀತಕ್ಕಿರೋ ಶಕ್ತಿ ಗೊತ್ತಲ್ಲ, ಚಿತ್ರದಲ್ಲಿ ಏನಿದೆ ಅಂತ ತಿಳಿಯೋಕೆ ಅದನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಲೇಬೇಕು. ವಿಎಲ್‌ಸಿಯಲ್ಲಿ "ಇ" ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ. ಯೂಟ್ಯೂಬಲ್ಲಾದ್ರೆ ಪಾಸ್ ಮಾಡಿ ಕಾಮಾ ಮತ್ತು ಫುಲ್‌ಸ್ಟಾಪ್ ಕೀ. ಪ್ರತಿ ಏಟಿಗೂ ಕೇಳ್ಕೊಳ್ಳಿ: ಕೈ ಎತ್ತಿದ್ದೂ ಏಟು ಬಿದ್ದಿದ್ದೂ ಒಂದೇ ಶಾಟಲ್ಲಿದೆಯಾ? ಮಧ್ಯೆ ಕಟ್ ಇದ್ರೆ, ಕಟ್ ಆದ ಮೇಲೂ ಕಣ್ಣು ಪರದೆಯ ಅದೇ ಜಾಗದಲ್ಲಿ ಉಳೀತಾ, ಇಲ್ಲ ಹುಡುಕಾಡಬೇಕಾಯ್ತಾ?

ಕಟ್ ಜಾಸ್ತಿ ಇದೆ ಅಂದ ಮಾತ್ರಕ್ಕೆ ಕೆಟ್ಟದಲ್ಲ. "ಟೇಕನ್" ಮೂರನೇ ಭಾಗದಲ್ಲಿ ಲಿಯಾಮ್ ನೀಸನ್ ಬೇಲಿ ಹಾರೋ ಆರೇಳು ಸೆಕೆಂಡಿನಲ್ಲಿ ಹನ್ನೆರಡಕ್ಕೂ ಹೆಚ್ಚು ಕಟ್ ಇದೆ. ಬೇಲಿ ಎಷ್ಟೆತ್ತರ, ಅವನು ಯಾವ ಕಡೆ ಇಳಿದ ಅನ್ನೋದು ಕೊನೆಗೂ ತಿಳಿಯಲ್ಲ. 2015ರ "ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್"ನಲ್ಲಿ ಎರಡು ಗಂಟೇಲಿ ಸುಮಾರು 2,700 ಕಟ್, ಆದ್ರೂ ಒಂದು ಕ್ಷಣ ದಾರಿ ತಪ್ಪಲ್ಲ. ಮುಖ್ಯವಾದದ್ದು ಯಾವಾಗಲೂ ಫ್ರೇಮಿನ ನಡುಮಧ್ಯ ಇರಬೇಕು ಅಂತ ನಿರ್ದೇಶಕ ಜಾರ್ಜ್ ಮಿಲ್ಲರ್ ಹಟ ಹಿಡಿದು ಶೂಟ್ ಮಾಡಿಸಿದ್ರು, ಅದಕ್ಕೇ ಎಡಿಟರ್ ಮಾರ್ಗರೆಟ್ ಸಿಕ್ಸೆಲ್ ಅಷ್ಟು ವೇಗವಾಗಿ ಕತ್ತರಿಸೋಕೆ ಆಯ್ತು. ಅದೂ ನಾಲ್ಕನೇ ಭಾಗವೇ ಅನ್ನೋದು ನೆನಪಿರಲಿ.

ಎರಡನೇದು ಅಳತೆ. ಜಾನ್ ವಿಕ್ ಮೊದಲನೇದು 2014ರಲ್ಲಿ 101 ನಿಮಿಷ, ನಾಲ್ಕನೇದು 2023ರಲ್ಲಿ 169. ಇಷ್ಟು ಬೆಳೆದ್ರೂ ನಾಲ್ಕನೇದು ಕುಸಿಯಲ್ಲ, ಯಾಕಂದ್ರೆ ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ಸ್ಟಂಟ್ ಕೆಲಸದಿಂದ ಬಂದವರು. ಪ್ರತಿ ಫೈಟಿಗೂ ಒಂದು ಹೊಸ ಅಡ್ಡಿ ಇಡ್ತಾರೆ. ಪ್ಯಾರಿಸ್ಸಿನ ಆ 222 ಮೆಟ್ಟಿಲು ನೋಡಿ. ಸೂರ್ಯ ಹುಟ್ಟೋದ್ರೊಳಗೆ ಮೇಲೆ ಹೋಗಬೇಕು, ಮುಕ್ಕಾಲು ಹತ್ತಿದವನು ಉರುಳಿ ಮತ್ತೆ ಬುಡಕ್ಕೇ ಬೀಳ್ತಾನೆ. ಎಷ್ಟು ಜನ ಸತ್ತರು ಅಂತ ಯಾರೂ ಎಣಿಸಲ್ಲ, ಇನ್ನೆಷ್ಟು ಮೆಟ್ಟಿಲು ಉಳಿದಿದೆ ಅಂತ ಎಣಿಸ್ತೀವಿ.

ಇದನ್ನೇ ಕೆಜಿಎಫ್‌ಗೆ ಹಿಡಿದು ನೋಡಿ. 2018ರ ಚಾಪ್ಟರ್ 1ರಲ್ಲಿ ಕುರುಡ ಮುದುಕನನ್ನ ಉಳಿಸೋ ಫೈಟ್ ಯಾಕೆ ಮೈ ಜುಮ್ಮೆನಿಸುತ್ತೆ? ಕಣ್ಣೆದುರೇ ಕೊಲೆ ಆದ್ರೂ ಗುಲಾಮರ ಸಾಲಲ್ಲಿ ತಲೆ ತಗ್ಗಿಸಿ ನಿಂತಿದ್ದ ನಾಯಕ ರಾಕಿ ಅಲ್ಲಿ ಕೈ ಎತ್ತುತ್ತಾನೆ, ಎತ್ತಿದ್ರೆ ಬಂದ ಕೆಲಸವೇ ಕೆಡುತ್ತೆ. 2022ರ ಚಾಪ್ಟರ್ 2ರ ಸೀನೊಂದರಲ್ಲಿ "ದೊಡ್ಡಮ್ಮ" ಅನ್ನೋ ಮೆಷಿನ್ ಗನ್ ಪೊಲೀಸ್ ಸ್ಟೇಷನ್ನನ್ನೇ ಜಾಲಾಡುತ್ತೆ, ಕೆಂಪಗೆ ಕಾದ ನಳಿಗೆಗೆ ಸಿಗರೇಟ್ ಹಚ್ಕೋತಾನೆ. ಚಿತ್ರವಾಗಿ ಅದ್ಭುತ. ಆದ್ರೆ ಎದುರಿಗಿರೋರು ಓಡೋದು ಬಿಟ್ಟು ಬೇರೇನೂ ಮಾಡಲ್ಲ. ಉತ್ತರ ಕೊಡೋ ಎದುರಾಳಿ ಇಲ್ಲದ ಫೈಟ್ ಎಷ್ಟೇ ದೊಡ್ಡದಾದ್ರೂ ಫೈಟ್ ಅಲ್ಲ. ನೀವು ಹೇಳೋ "ಫೀಲ್ ಇಲ್ಲ" ಹೆಚ್ಚಿನ ಸಲ ಇಲ್ಲೇ ಇರುತ್ತೆ.

ಫ್ರೇಮ್‌ಡ್ರಾಪ್_ಜಯನಗರ

ಆ ಕೊನೇ ಮಾತನ್ನ ಗೇಮಿಗೆ ತಂದ್ರೆ 2003ರ "ಡೆವಿಲ್ ಮೇ ಕ್ರೈ 2" ಸರಿಯಾದ ಉದಾಹರಣೆ. ಮೈದಾನ ದೊಡ್ಡದಾಯ್ತು, ಕ್ಯಾಮೆರಾ ಹಿಂದೆ ಸರೀತು, ಶತ್ರುಗಳು ಮಂಕಾದ್ರು, ಪಿಸ್ತೂಲಿನ ಪವರ್ ಏರಿತು. ದೂರ ನಿಂತು ಒಂದೇ ಬಟನ್ ಕುಟ್ಟಿದ್ರೆ ಮುಕ್ಕಾಲು ಆಟ ಮುಗಿಯುತ್ತೆ, ಕತ್ತಿ ಎತ್ತೋ ಕಾರಣವೇ ಇಲ್ಲ. ಮೊದಲನೇದನ್ನ ನಿರ್ದೇಶಿಸಿದ ಹಿದೆಕಿ ಕಮಿಯಾ ಅದರಲ್ಲಿರಲಿಲ್ಲ, ಕೆಲಸ ಸಾಕಷ್ಟು ಮುಂದೆ ಹೋದ ಮೇಲೆ ಹಿದೆಯಾಕಿ ಇತ್ಸುನೋ ಕೈಗೆ ಬಂತು. ಅದೇ ಇತ್ಸುನೋ 2005ರಲ್ಲಿ ಮೂರನೇದನ್ನ ಮಾಡಿದಾಗ ಸ್ಟೈಲ್‌ಗಳನ್ನ ತಂದರು, ಫೈಟ್ ಮಧ್ಯೆಯೇ ಆಯುಧ ಬದಲಿಸೋಕೆ ಬಿಟ್ಟರು, ಶತ್ರುಗಳಿಗೆ ಮತ್ತೆ ಹಲ್ಲು ಬಂತು.

"ಹಾಟ್‌ಲೈನ್ ಮಯಾಮಿ 2" ಇನ್ನೊಂದು ಥರದ ತಪ್ಪು. 2012ರ ಮೊದಲನೇದರಲ್ಲಿ ಕೋಣೆ ಚಿಕ್ಕದು. ಸತ್ತರೂ ಯಾರು ಹೊಡೆದ ಅಂತ ಕಂಡಿರುತ್ತೆ, ಆರ್ ಒತ್ತಿ ಮತ್ತೆ ಶುರು. 2015ರದ್ದರಲ್ಲಿ ಕೋಣೆಗಳು ಅಗಲ, ಗಾಜಿನ ಕಿಟಕಿ ಜಾಸ್ತಿ, ಪರದೆಯಾಚೆ ನಿಂತವನ ಗುಂಡು ಬಂದು ತಾಗುತ್ತೆ. ಶಿಫ್ಟ್ ಹಿಡಿದು ಮುಂದೆ ಇಣುಕಿ ನೋಡ್ತಾ ಹೋಗಬೇಕು, ಹಾಗೆ ಹೋದ್ರೆ ಮೊದಲನೇದರ ಓಟದ ಲಯ ಸಿಗಲ್ಲ. ಎಲೆ ಅಗಲ ಮಾಡಿ ಬಡಿಸೋದನ್ನ ಅಷ್ಟೇ ಇಟ್ಟ ಹಾಗೆ.

ಆದ್ರೆ ಎಲ್ಲ ದೂರೂ ಸೀಕ್ವೆಲ್‌ನ ತಪ್ಪಲ್ಲ, ಡೂಮ್ ಎಟರ್ನಲ್ (2020) ವಿಷಯದಲ್ಲಂತೂ ಅಲ್ಲವೇ ಅಲ್ಲ. 2016ರ ಡೂಮಲ್ಲಿ ಸೂಪರ್ ಶಾಟ್‌ಗನ್ ಒಂದರಲ್ಲೇ ಬಹುಪಾಲು ಹೋಗಬಹುದಿತ್ತು. ಅದೇ ಅಭ್ಯಾಸದಲ್ಲಿ ಎಟರ್ನಲ್ ಆಡಿದವರು "ಗುಂಡೇ ಸಾಲಲ್ಲ" ಅಂತ ಬೈದರು. ಅಲ್ಲಿ ಗುಂಡು ಸಾಲದಂತೆ ಇಟ್ಟಿರೋದೇ ಬೇಕಂತ. ಚೈನ್‌ಸಾದಿಂದ ಸೀಳಿದ್ರೆ ಗುಂಡು, ಗ್ಲೋರಿ ಕಿಲ್ (ತತ್ತರಿಸಿದ ಶತ್ರುವಿಗೆ ಹತ್ತಿರದಿಂದ ಕೊಡೋ ಕೊನೇ ಏಟು) ಮಾಡಿದ್ರೆ ಹೆಲ್ತ್, ಫ್ಲೇಮ್ ಬೆಲ್ಚಲ್ಲಿ ಬೆಂಕಿ ಹಚ್ಚಿ ಹೊಡೆದ್ರೆ ಆರ್ಮರ್. ಚೈನ್‌ಸಾದ ಮೊದಲ ಪಾಯಿಂಟ್ ಇಂಧನ ತಾನಾಗೇ ತುಂಬುತ್ತೆ, ಹಾಗಾಗಿ ಸಣ್ಣ ಶತ್ರುಗಳನ್ನ ಮೊದಲೇ ಮುಗಿಸಿಬಿಡಬೇಡಿ, ಅವರೇ ನಿಮ್ಮ ಗುಂಡಿನ ಗೋದಾಮು. ಕ್ಯಾಕೋಡೀಮನ್ ಅನ್ನೋ ಶತ್ರುವಿನ ಬಾಯಿಗೆ ಸ್ಟಿಕಿ ಬಾಂಬೋ ಗ್ರೆನೇಡೋ ನುಂಗಿಸಿದ್ರೆ ನೇರ ಗ್ಲೋರಿ ಕಿಲ್. ಅರಾಕ್ನೋಟ್ರಾನ್ ಬಂದ ತಕ್ಷಣ ಬೆನ್ನ ಮೇಲಿನ ಟರೆಟ್ ಒಡೀರಿ.

ಎಲ್ಲರೂ ಬೈಯೋ ಮರಾಡರ್ ಅನ್ನೋ ಶತ್ರುವಿನ ಹತ್ರ ಹೋದ್ರೆ ಶಾಟ್‌ಗನ್ ಹೊಡೀತಾನೆ, ದೂರ ಹೋದ್ರೆ ಕೊಡಲಿಯಿಂದ ಎನರ್ಜಿ ಬೀಸ್ತಾನೆ, ಸುಮ್ಮನೆ ಗುಂಡು ಹಾರಿಸಿದ್ರೆ ಗುರಾಣಿ ಹಿಡೀತಾನೆ. ಮಧ್ಯದ ಅಂತರದಲ್ಲೇ ನಿಲ್ಲಿ. ಕೊಡಲಿ ಎತ್ತಿ ಬರುವಾಗ ಕಣ್ಣು ಹಸಿರಾಗಿ ಮಿನುಗುತ್ತೆ, ಆ ಕ್ಷಣಕ್ಕೇ ಸೂಪರ್ ಶಾಟ್‌ಗನ್, ತಕ್ಷಣ ಬಲಿಸ್ಟಾ ಅನ್ನೋ ಗನ್ನಿಗೆ ಬದಲಿಸಿ ಇನ್ನೊಂದು. ಹಿಂದಿನ ಗೇಮಲ್ಲಿ ಅಂತರ ನೀವು ಆರಿಸ್ತಿದ್ರಿ, ಇಲ್ಲಿ ಅವನು ಆರಿಸ್ತಾನೆ. ಇಷ್ಟ ಆಗದೇ ಇರಬಹುದು, ಆದ್ರೆ ಅದು ಯೋಚಿಸಿ ಇಟ್ಟ ಬದಲಾವಣೆ.

ತೀರ್ಪು ಕೊಡೋ ಮುಂಚೆ ಮೌಸ್ ಸರಿಮಾಡ್ಕೊಳ್ಳಿ. ಸೆನ್ಸಿಟಿವಿಟಿ ಸಂಖ್ಯೆ ಒಂದೇ ಇಟ್ರೆ ಎರಡು ಗೇಮಲ್ಲಿ ತಿರುಗೋ ವೇಗ ಒಂದೇ ಆಗುತ್ತೆ ಅನ್ನೋ ಖಾತ್ರಿ ಇಲ್ಲ. ಹಳೇ ಗೇಮಲ್ಲಿ ಒಂದು ಪೂರ್ತಿ ಸುತ್ತು ತಿರುಗೋಕೆ ಪ್ಯಾಡ್ ಮೇಲೆ ಮೌಸ್ ಎಷ್ಟು ಸೆಂಟಿಮೀಟರ್ ಸರೀತು ಅಂತ ಸ್ಕೇಲಿಟ್ಟು ಅಳೀರಿ, ಹೊಸದರಲ್ಲಿ ಅಷ್ಟೇ ದೂರಕ್ಕೆ ಒಂದು ಸುತ್ತು ಬರೋವರೆಗೂ ಸ್ಲೈಡರ್ ಸರಿಸಿ. ಮೋಷನ್ ಬ್ಲರ್, ಮೌಸ್ ಸ್ಮೂದಿಂಗ್ ಆಫ್. ಎಫ್‌ಒವಿ (ಪರದೇಲಿ ಎಷ್ಟು ಅಗಲ ಕಾಣುತ್ತೆ ಅನ್ನೋದು) ಎರಡರಲ್ಲೂ ಒಂದೇ. "ಹೊಸದು ಭಾರ ಅನ್ಸುತ್ತೆ" ಅನ್ನೋ ದೂರಿನಲ್ಲಿ ದೊಡ್ಡ ಪಾಲು ಇಷ್ಟಕ್ಕೇ ಕರಗುತ್ತೆ.

ನರ್ತಕಿ_ಬಾಲ್ಕನಿ

ಕಟ್_ಟು_ಕಟ್ ಅವರೇ, ವಿಧಾನ ಒಪ್ತೀನಿ, ದೊಡ್ಡಮ್ಮನ ಬಗ್ಗೆ ಒಪ್ಪಲ್ಲ.

ಅದನ್ನ ಫೈಟ್ ಅಂತ ಅಳೆಯೋದೇ ತಪ್ಪು. ಚಾಪ್ಟರ್ 2ರಲ್ಲಿ ವಿಲನ್ ಅಧೀರ ಬಂದವನೇ ರಾಕಿಗೆ ಗುಂಡು ಹಾರಿಸ್ತಾನೆ. ಬಿದ್ದವನು ಎದ್ದು, ದುಬೈಗೆ ಹೋಗಿ, ಕಲಾಶ್ನಿಕೋವ್ ತಂದು ಲೆಕ್ಕ ಚುಕ್ತಾ ಮಾಡ್ತಾನೆ. ದೊಡ್ಡಮ್ಮ ಬರೋದು ಆ ಏರಿಕೆಯ ತುದಿಯಲ್ಲಿ. ಅದು ಡಂಗುರ, ಕಾದಾಟ ಅಲ್ಲ. ನಮ್ಮ ಕಮರ್ಷಿಯಲ್ ಸಿನಿಮಾದಲ್ಲಿ ಬಿಲ್ಡಪ್ಪಿಗೆ ತನ್ನದೇ ಜಾಗ ಇದೆ, ಜಾನ್ ವಿಕ್ ಅಳತೆಗೋಲು ಅಲ್ಲಿಗೆ ಹಿಡಿಯಲ್ಲ. ಬಾಲ್ಕನೀಲಿ ಕೂತವರಿಗೆ ಎದ್ದು ನಿಲ್ಲೋಕೆ ಒಂದು ಜಾಗ ಬೇಕು, ಪ್ರಶಾಂತ್ ನೀಲ್ ಅದನ್ನ ಎಲ್ಲಿಡಬೇಕು ಅಂತ ಚೆನ್ನಾಗಿ ಬಲ್ಲರು.

ನನ್ನ ಪ್ರಕಾರ ಚಾಪ್ಟರ್ 2 ಸಡಿಲ ಆಗೋದು ಜಾಗದಿಂದ. ಮೊದಲನೇದರ ಉತ್ತರಾರ್ಧ ಬಹುಪಾಲು ನರಾಚಿ ಅನ್ನೋ ಚಿನ್ನದ ಗಣಿಯ ಒಳಗೇ. ಗೋಡೆ ಎಲ್ಲಿ, ಸುರಂಗ ಎಲ್ಲಿ, ವಿಲನ್ ಗರುಡ ಬಲಿ ಕೊಡೋ ದೇವಿ ಎಲ್ಲಿ ಅಂತ ಪ್ರೇಕ್ಷಕನಿಗೆ ನಕ್ಷೆ ಬಾಯಿಪಾಠ ಆಗಿರುತ್ತೆ. ಅದಕ್ಕೇ ಕೊನೇ ಏಟು ಬೀಳೋವಾಗ ಉಸಿರು ಹಿಡಿದಿರ್ತೀವಿ. ಎರಡನೇದರಲ್ಲಿ ದುಬೈ, ದೆಹಲಿ, ಪಾರ್ಲಿಮೆಂಟ್, ಸಮುದ್ರ. ಎದುರಾಳಿಯೂ ಎರಡಾಗ್ತಾನೆ. ಮೈಯಿಂದ ಹೊಡೆದಾಡೋ ಅಧೀರ ಒಂದು ಕಡೆ, ಸರ್ಕಾರದಿಂದ ಹೊಡೆದಾಡೋ ಪ್ರಧಾನಿ ರಮಿಕಾ ಸೇನ್ ಇನ್ನೊಂದು ಕಡೆ. ರಮಿಕಾ ಪಾತ್ರ ಬರೆದಿರೋದು ಗಟ್ಟಿಯಾಗಿದೆ, ರವೀನಾ ಟಂಡನ್ ಕೂತಲ್ಲೇ ಹೆದರಿಸ್ತಾರೆ, ಆದ್ರೆ ಅಧೀರ ಸತ್ತ ಮೇಲೆ ಕೈ ಕೈ ಮಿಲಾಯಿಸೋ ದ್ವೇಷ ಮುಗಿದುಹೋಗುತ್ತೆ. ನಿರೂಪಣೆಯೂ ಅನಂತ್ ನಾಗ್ ಅವರಿಂದ ಪ್ರಕಾಶ್ ರಾಜ್‌ಗೆ ಹೋಯ್ತು. ಆ ದನಿಗೆ ಒಗ್ಗಿದ್ದ ಕಿವಿಗೆ ಅರ್ಧ ಗಂಟೆ ಬೇಕಾಗುತ್ತೆ, ಇದು ಕಥೆಯ ದೋಷ ಅಲ್ಲ.

ಎಡಿಟಿಂಗಲ್ಲಿ ಒಂದು ಕಡೆ ಎರಡನೇದೇ ಮೇಲು: ಕಾರ್ ಚೇಸಲ್ಲಿ ಕಟ್‌ಗಳ ಮಧ್ಯೆ ಪರದೆ ಪೂರ್ತಿ ಕಪ್ಪಾಗಿ ಮತ್ತೆ ತೆರೆದುಕೊಳ್ಳುತ್ತಲ್ಲ, ಅದು. ಕಣ್ಣು ರೆಪ್ಪೆ ಹೊಡೆದ ಹಾಗೆ ಕಪ್ಪು ಬರುತ್ತೆ, ಪ್ರತಿ ಸಲ ತೆರೆದಾಗ ಒಂದು ಹೆಜ್ಜೆ ಮುಂದಾಗಿರುತ್ತೆ. ಉಜ್ವಲ್ ಕುಲಕರ್ಣಿ ಮಾಡಿದ್ದು. ಇದನ್ನ ಮ್ಯೂಟ್ ಮಾಡಿ ನೋಡಿ, ಆಗಲೂ ನಿಲ್ಲುತ್ತೆ.

ಬಟನ್_ಬಸವನಗುಡಿ

ಇಬ್ಬರಿಗೂ, ಜಯನಗರದವರಿಗೂ ಥ್ಯಾಂಕ್ಸ್. "ಎದುರಾಳಿ ಉತ್ತರ ಕೊಡ್ತಾನಾ" ಮತ್ತು "ಜಾಗದ ನಕ್ಷೆ ತಲೇಲಿದೆಯಾ", ಇವೆರಡನ್ನ ಹಿಡ್ಕೊಂಡ್ರೇ ಅರ್ಧ ಚರ್ಚೆ ನೆಟ್ಟಗಾಗುತ್ತೆ.

ಇನ್ನೆರಡು. "ಡಾರ್ಕ್ ಸೋಲ್ಸ್ 2" ಹಿಟ್‌ಬಾಕ್ಸ್ (ಏಟು ತಾಗಿತು ಅಂತ ಗೇಮ್ ಲೆಕ್ಕ ಹಾಕೋ ಜಾಗ) ಸರಿ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ಅದು ನಿಜವಾ? ಹಾಗೇ ಡೂಮ್ ದಿ ಡಾರ್ಕ್ ಏಜಸ್ ಆಡೋಕೆ ಜಿಟಿಎಕ್ಸ್ 1660 ಗ್ರಾಫಿಕ್ಸ್ ಕಾರ್ಡ್ ಸಾಕಾ?

ಫ್ರೇಮ್‌ಡ್ರಾಪ್_ಜಯನಗರ

ಹಿಟ್‌ಬಾಕ್ಸ್ ಕೆಲವು ಕಡೆ ನಿಜಕ್ಕೂ ಸಡಿಲ, ಆದ್ರೆ ದೂರಿನ ಬೇರು ಇನ್ನೊಂದು ಕಡೆ ಇದೆ. ಮೊದಲನೇ ಭಾಗದಲ್ಲಿ ಉರುಳಿದಾಗ ಏಟು ತಾಗದ ಸಮಯ ನಿಂತಿದ್ದು ಮೈಮೇಲಿನ ಭಾರದ ಮೇಲೆ. ಎರಡನೇದರಲ್ಲಿ ಅದನ್ನ ಅಜಿಲಿಟಿ ಅನ್ನೋ ಅಂಕಿಗೆ ಕಟ್ಟಿಹಾಕಿದ್ರು. ಅದು ಏರೋದು ಮುಖ್ಯವಾಗಿ ಅಡಾಪ್ಟಬಿಲಿಟಿಗೆ ಲೆವೆಲ್ ಹಾಕಿದಾಗ, ಅಟ್ಯೂನ್ಮೆಂಟಿಂದಲೂ ಸ್ವಲ್ಪ. ಇದನ್ನ ಗೇಮ್ ಎಲ್ಲೂ ಬಿಡಿಸಿ ಹೇಳಲ್ಲ. ಹಳೇ ಗೇಮಿನ ಟೈಮಿಂಗಲ್ಲಿ ಉರುಳ್ತೀರಿ, ರಕ್ಷಣೆಯ ಫ್ರೇಮ್ ಬೇಗ ಮುಗಿದಿರುತ್ತೆ, ಕತ್ತಿ ಗಾಳಿಯಲ್ಲೇ ತಾಗಿದ ಹಾಗೆ ಕಾಣುತ್ತೆ. ಅಜಿಲಿಟಿ 105ರ ಹತ್ರ ತನ್ನಿ, ಉರುಳಾಟ ಕೈಗೆ ಒಗ್ಗುತ್ತೆ, ಹೆಲ್ತ್ ತುಂಬೋ ಎಸ್ಟಸ್ ಕುಡಿಯೋ ವೇಗವೂ ಹೆಚ್ಚುತ್ತೆ. ಪಿಸಿಯಲ್ಲಿ ಇನ್ನೊಂದು ದೋಷವೂ ಇತ್ತು: ಆಯುಧ ಸವೆಯೋದು ಫ್ರೇಮ್ ಲೆಕ್ಕಕ್ಕೆ ಅಂಟಿಕೊಂಡು, 60 ಫ್ರೇಮಲ್ಲಿ ಎರಡು ಪಟ್ಟು ಬೇಗ ಸವೀತಿತ್ತು. 2015ರಲ್ಲಿ ಪ್ಯಾಚ್ ಬಂತು. ಅದಕ್ಕೂ ಹಿಂದಿನ ವಿಮರ್ಶೆ ಓದುವಾಗ ಇದು ಗಮನದಲ್ಲಿರಲಿ.

ಡಾರ್ಕ್ ಏಜಸ್‌ಗೆ 1660 ಆಗಲ್ಲ. ಸೆಟ್ಟಿಂಗ್ ಇಳಿಸಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಬೆಳಕಿನ ಲೆಕ್ಕವೇ ರೇ ಟ್ರೇಸಿಂಗ್ (ಬೆಳಕಿನ ಕಿರಣದ ದಾರಿ ಲೆಕ್ಕ ಹಾಕೋ) ಹಾರ್ಡ್‌ವೇರ್ ಮೇಲೆ ನಿಂತಿದೆ. ಕಂಪನಿ ಹೇಳಿರೋ ಕನಿಷ್ಠ ಅಂದ್ರೆ 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 2060 ಸೂಪರ್ ಅಥವಾ ಆರ್‌ಎಕ್ಸ್ 6600. ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕೋದಾದ್ರೆ ಬರೀ "2060" ಅಂದ್ರೆ 6 ಜಿಬಿಯದ್ದೂ ಕೈಗೆ ಬರಬಹುದು, ಹೆಸರಲ್ಲಿ "ಸೂಪರ್" ಇದೆಯಾ ನೋಡಿ. ಅಂಗಡೀಲೇ ಸಿಸ್ಟಮಿಗೆ ಹಾಕಿಸಿ ಜಿಪಿಯು-ಝೆಡ್ ಅನ್ನೋ ಸಾಫ್ಟ್‌ವೇರ್ ತೆರೆದು ಮೆಮೊರಿ ಓದ್ಕೊಳ್ಳಿ, ಅರ್ಧ ಗಂಟೆ ಲೋಡ್ ಕೊಟ್ಟು ಪರದೇಲಿ ಚುಕ್ಕಿ, ಗೆರೆ ಏನಾದ್ರೂ ಬರುತ್ತಾ ನೋಡಿ, ಆಮೇಲೆ ದುಡ್ಡು ಕೊಡಿ. ಜಾಗ 100 ಜಿಬಿ ಬೇಕು, ಹಾರ್ಡ್‌ಡಿಸ್ಕಲ್ಲಿ ಬೇಡ, ಎಸ್‌ಎಸ್‌ಡಿಯಲ್ಲೇ ಹಾಕಿ.

ಆಡೋಕೆ ಕೂತ ಮೇಲೆ ಎಟರ್ನಲ್ ಥರ ಹಾರಾಡೋಕೆ ಹೋಗಬೇಡಿ. ಇಲ್ಲಿ ನೆಲದ ಮೇಲೆ ನಿಂತು, ಹಸಿರು ಬಣ್ಣದ ಏಟನ್ನ ಗುರಾಣಿಯಿಂದ ವಾಪಸ್ ಕಳಿಸಬೇಕು. ನಿಧಾನ ಅನ್ನಿಸಿದ್ರೆ ಡಿಫಿಕಲ್ಟಿ ಮೆನುವಲ್ಲಿ ಆಟದ ವೇಗಕ್ಕೇ ಒಂದು ಸ್ಲೈಡರ್ ಇದೆ, ಪ್ಯಾರಿ (ಏಟನ್ನ ವಾಪಸ್ ಕಳಿಸೋದು) ಟೈಮಿಂಗಿಗೆ ಬೇರೆ ಇನ್ನೊಂದಿದೆ. ಮೊದಲು ವೇಗ ಏರಿಸಿ, ಕೈ ಕೂತ ಮೇಲೆ ಪ್ಯಾರಿ ಬಿಗಿ ಮಾಡಿ. ಎರಡನ್ನೂ ಒಟ್ಟಿಗೆ ಮುಟ್ಟಿದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ.