ಅಪ್‌ಡೇಟ್: ಕೋಲಾರದ ಬರಹಕ್ಕೆ ಮೊದಲ ಸಾಲು ಸಿಕ್ಕಿತು

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಬಗ್ಗೆ ಬರೆದಿದ್ದೇನೆ, ಮೊದಲ ಪ್ಯಾರಾ ದಾಟಿ ಯಾರೂ ಓದುತ್ತಿಲ್ಲ, ಏನು ಮಾಡಲಿ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಆಗ ಶುರು ಹೀಗಿತ್ತು: 'ಕೋಲಾರ ಇತಿಹಾಸ ಪ್ರಸಿದ್ಧ ಜಿಲ್ಲೆ.' ಊರಿನ ಹೆಸರು ಬದಲಾಯಿಸಿ ನೋಡಿ ಅಂತ ಒಬ್ಬರು ಹೇಳಿದ್ದರು. ತುಮಕೂರು ಅಂತ ಹಾಕಿದೆ. ಸರಿಯಾಗಿಯೇ ಕೂತಿತು! ಅಂದರೆ ಆ ಸಾಲು ಯಾವ ಊರಿಗಾದರೂ ಆಗುತ್ತಿತ್ತು.

ಈಗಿನ ಶುರು ಇದು: '1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರಾಯಿತು. ಅದು ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ.' ಓದಿದವರಿಗೆ ಯಾಕೆ ಅನ್ನಿಸುತ್ತದೆ, ಅಲ್ವಾ? ಉತ್ತರವನ್ನು ಕೂಡಲೇ ಹೇಳಲಿಲ್ಲ. ಹಾಗಂತ ಜಾಸ್ತಿ ಕಾಯಿಸಲೂ ಇಲ್ಲ. ಗಣಿಯ ಯಂತ್ರಗಳು, ಕಲ್ಲಿದ್ದಲಿನ ಖರ್ಚು ಎಲ್ಲ ಎರಡನೇ ಪ್ಯಾರಾದಲ್ಲೇ ಇದೆ.

ಈ ಸಂಗತಿ ಹೊಸದಾಗಿ ಹುಡುಕಿದ್ದಲ್ಲ. ಬರಹದ ನಡುವೆ ಎಲ್ಲೋ ಸುಮ್ನೆ ಬಿದ್ದಿತ್ತು. ಪೂರ್ತಿ ಬರೆದು ಮುಗಿಸಿ, ಆಮೇಲೆ ಮೊದಲ ಸಾಲು ಹುಡುಕಿ ಅಂದಿದ್ದಿರಲ್ಲ, ಆ ಸಲಹೆ ನಿಜಕ್ಕೂ ಕೆಲಸ ಮಾಡಿತು.

'ನಿಮಗೆ ಗೊತ್ತೇ?' ಅಂತ ಶುರು ಮಾಡುವುದು ಮಾತ್ರ ನನಗೆ ಹಿಡಿಸಲಿಲ್ಲ. ಓದುಗರನ್ನು ಪರೀಕ್ಷೆಗೆ ಕೂರಿಸಿದ ಹಾಗಿರುತ್ತದೆ. 'ಬೆಚ್ಚಿಬೀಳಿಸುವ ಸತ್ಯ' ಅಂತೂ ಬೇಡವೇ ಬೇಡ. ಯಾರೂ ಬೆಚ್ಚಿಬೀಳದಿದ್ದರೆ ಮುಂದಿನ ಸಲ ನಂಬುವುದಿಲ್ಲ.

ಮುಳಬಾಗಿಲಿನ ಅತ್ತಿಗೆ ಈ ಸಲ ಕೊನೆಯವರೆಗೂ ಓದಿದರು. 2001ರಲ್ಲಿ ಗಣಿ ಮುಚ್ಚಿದ್ದನ್ನು ಯಾಕೆ ಬರೆದಿಲ್ಲ ಅಂತ ಜಗಳವನ್ನೂ ತೆಗೆದರು. ಅದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಅದಕ್ಕೆ ಇನ್ನೂ ಮೊದಲ ಸಾಲಿಲ್ಲ.